ಉಬ್ಬಸ ಬಂದಾಗ ಉಸಿರು ಎಳೆಯೋದಲ್ಲ, ಮೊದಲು ಬಿಡೋದು ಕಲೀಬೇಕು

ನಮ್ಮಮ್ಮ ಒಂದು ದಿನಾನೂ ಬೀಡಿ ಸಿಗರೇಟು ಮುಟ್ಟಿದೋಳಲ್ಲ. ಆದ್ರೂ ಐದು ವರ್ಷದ ಹಿಂದೆ ಡಾಕ್ಟ್ರು ಊದೋ ಟೆಸ್ಟ್ ಮಾಡ್ಸಿ, ಸಿಒಪಿಡಿ ಅಂತ ಬರ್ದುಕೊಟ್ರು, ಅಂದ್ರೆ ಶ್ವಾಸಕೋಶದ ಗಾಳಿ ಕೊಳವೆ ಕಿರಿದಾಗಿ ಉಸಿರು ಕಟ್ಟೋ, ವರ್ಷಗಟ್ಟಲೆ ಉಳಿಯೋ ಕಾಯಿಲೆ. ನಮ್ದು ತಿಪಟೂರು ಕಡೆ ಹಳ್ಳಿ, ಅಲ್ಲಿ ತೆಂಗಿನ ಮಟ್ಟೆ, ಕರಟ, ಸೋಗೆ ಇವೇ ಸೌದೆ, ಮದುವೆಯಾಗಿ ಬಂದಾಗಿಂದ ಹತ್ರತ್ರ ನಲವತ್ತು ವರ್ಷ ಆ ಒಲೆ ಮುಂದೆ ಕೂತು ಊದುಗೊಳವೆ ಊದಿದಾಳೆ, ಮಳೆಗಾಲದಲ್ಲಿ ಹಸಿ ಮಟ್ಟೆ ಹೊಗೆ ಅಡುಗೆಮನೆ ತುಂಬ ಕವ್ಕೊಂಡಿರೋದು, ಕಣ್ಣೊರೆಸ್ಕೊಂಡು ಮತ್ತೆ ಊದೋಳು. ಆ ಹೊಗೆ ಎಲ್ಲಿಗೆ ಹೋಗುತ್ತೆ ಅಂತ ನಾವ್ಯಾರೂ ಯೋಚ್ನೆ ಮಾಡ್ಲಿಲ್ಲ.

ಮೊದಲ ಸಲ ರಾತ್ರಿ ಮೂರು ಗಂಟೆಗೆ ಜೋರಾಗಿ ದಮ್ಮು ಬಂದಾಗ ನಾನು ಮಾಡಿದ್ದು ಎಲ್ರೂ ಮಾಡೋದೇ. ಬೆನ್ನು ಸವರ್ತಾ "ಅಮ್ಮ, ಜೋರಾಗಿ ಉಸಿರು ಎಳ್ಕೋ, ದೀರ್ಘವಾಗಿ ತಗೋ" ಅಂದೆ. ಅವಳು ಎಳ್ಕೊಂಡಷ್ಟೂ ಹೆಚ್ಚಾಯ್ತು. ಭುಜ ಕಿವಿ ತನಕ ಬಂತು, ಕತ್ತಿನ ನರ ಎದ್ದು ನಿಂತ್ವು, ಕಣ್ಣು ಹೊರಗೆ ಬಂದಂಗಾಯ್ತು. ಆಮೇಲೆ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮೇಡಂ ನನ್ನ ಕೂರಿಸ್ಕೊಂಡು ಹೇಳಿದ ಮೊದಲ್ನೇ ಮಾತು, "ಎಳ್ಕೋ ಅಂತ ಹೇಳ್ಬೇಡಿ, ಬಿಡು ಅಂತ ಹೇಳಿ." ಆ ಒಂದು ಮಾತು ನಮ್ಮನೇಲಿ ಎಷ್ಟೋ ರಾತ್ರಿ ಉಳಿಸಿದೆ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಯಾಕೆ ಬಿಡೋದು ಮೊದಲು ಅಂದ್ರೆ, ತುಂಬಿದ ಬಸ್ ನೆನೆಸ್ಕೊಳಿ. ಸ್ಟ್ಯಾಂಡಲ್ಲಿ ಬಾಗಿಲ ಹತ್ರ ಎಲ್ರೂ ಒಟ್ಟಿಗೆ ಹತ್ತಕ್ಕೆ ನುಗ್ತಾರೆ, ಒಳಗಿರೋರು ಇಳಿಯಕ್ಕಾಗಲ್ಲ, ಕಂಡಕ್ಟರ್ "ಇಳಿಯೋರಿಗೆ ಜಾಗ ಬಿಡ್ರೀ" ಅಂತ ಕೂಗ್ತಾನೆ ಇರ್ತಾನೆ. ಸಿಒಪಿಡಿ ಇರೋರ ಎದೆಯೊಳಗೆ ಆಗೋದು ಅದೇ. ಶ್ವಾಸಕೋಶದ ಸಣ್ಣ ಸಣ್ಣ ಗಾಳಿ ಕೊಳವೆಗಳು ಕಿರಿದಾಗಿ, ಗೋಡೆಯ ಬಿಗಿ ಕಳ್ಕೊಂಡಿರ್ತವೆ, ಉಸಿರು ಬಿಡುವಾಗ ಅವು ಅರ್ಧದಲ್ಲೇ ಮುಚ್ಕೊಂಡುಬಿಡ್ತವೆ, ಹಳೇ ಗಾಳಿ ಒಳಗೇ ಸಿಕ್ಕಾಕೊಳುತ್ತೆ. ಅದು ಹೋಗ್ದೆ ಹೊಸದಕ್ಕೆ ಜಾಗ ಎಲ್ಲಿ. ಗಾಬರಿಯಾಗಿ ಬೇಗ ಬೇಗ ಉಸಿರಾಡಿದ್ರೆ ಬಿಡಕ್ಕೆ ಟೈಮೇ ಸಿಗಲ್ಲ, ಇನ್ನೂ ತುಂಬ್ಕೊಳುತ್ತೆ. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದ ಥರ ಇರೋ ಮಾಂಸದ ಪರದೆ ಇದೆಯಲ್ಲ, ವಪೆ ಅಂತಾರೆ, ಡಾಕ್ಟ್ರು ಡಯಾಫ್ರಾಮ್ ಅಂತಾರೆ, ಉಸಿರಾಟದ ಬಹುಪಾಲು ಕೆಲಸ ಅದೇ ಮಾಡೋದು. ಗಾಳಿ ತುಂಬಿ ಶ್ವಾಸಕೋಶ ಉಬ್ಬಿದಾಗ ಆ ಗುಮ್ಮಟ ಚಪ್ಪಟೆ ಆಗುತ್ತೆ, ಅದಕ್ಕೆ ಎಳೆಯೋ ಬಲ ಕಮ್ಮಿ ಆಗುತ್ತೆ, ಆಗ ಕತ್ತು ಭುಜದ ಮಾಂಸಖಂಡಗಳು ಆ ಕೆಲಸಕ್ಕೆ ಬರ್ತವೆ. ಅವು ಇಡೀ ದಿನ ಅದನ್ನೇ ಮಾಡಕ್ಕೆ ಇರೋವಲ್ಲ, ಬೇಗ ಸುಸ್ತಾಗ್ತವೆ. ಕೂತಲ್ಲೇ ಸುಸ್ತು ಅಂತ ಅವರು ಹೇಳೋದು ನಾಟಕ ಅಲ್ಲ, ನಿಜವಾಗ್ಲೂ ಮೈ ದುಡೀತಾ ಇರುತ್ತೆ.

ಶುರು ಮಾಡೋಕೆ ಮುಂಚೆ ಒಂದು ವಿಷಯ, ಇದನ್ನ ದಯವಿಟ್ಟು ಹಾರಿಸ್ಬೇಡಿ. ಉಸಿರು ಕಟ್ಟೋದು ಅನ್ನೋದು ಕಾಯಿಲೆ ಅಲ್ಲ, ಕಾಯಿಲೆಯ ಗುರುತು. ಅಸ್ತಮಾ ಇರಬಹುದು, ಟಿಬಿ ಇರಬಹುದು, ಹಾರ್ಟ್ ವೀಕ್ ಆಗಿರಬಹುದು, ಹೆಣ್ಣುಮಕ್ಕಳಲ್ಲಿ ರಕ್ತ ಕಮ್ಮಿ ಇದ್ರೂ ಮೆಟ್ಲು ಹತ್ತಿದ್ರೆ ಏದುಸಿರು ಬರುತ್ತೆ. ಚಪ್ಪಟೆ ಮಲಗಿದ್ರೆ ಉಸಿರು ಕಟ್ಟುತ್ತೆ, ಎದ್ದು ಕೂತ್ರೆ ಸರಿಹೋಗುತ್ತೆ, ಸಂಜೆ ಹೊತ್ತಿಗೆ ಕಾಲು ಊದುತ್ತೆ ಅಂದ್ರೆ ಹಾರ್ಟ್ ತೋರಿಸ್ಲೇಬೇಕು. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ರೆ ಕಫ ಪರೀಕ್ಷೆ ಮಾಡ್ಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆ, ಔಷಧಿ ಎರಡೂ ಉಚಿತ. ಸಿಒಪಿಡಿ, ಅಸ್ತಮಾ ಹೌದೋ ಅಲ್ವೋ ಅಂತ ತಿಳಿಯಕ್ಕೆ ಸ್ಪೈರೋಮೆಟ್ರಿ ಅನ್ನೋ ಊದೋ ಟೆಸ್ಟ್ ಬೇಕು, ಬರೀ ಎಕ್ಸ್‌ರೇ ನೋಡಿ ಹೇಳಕ್ಕಾಗಲ್ಲ. ಮೆಡಿಕಲ್ ಕಾಲೇಜ್ ಆಸ್ಪತ್ರೆಗಳಲ್ಲಿ ಕೇಳಿ, ಬೆಂಗಳೂರಲ್ಲಾದ್ರೆ ನಿಮ್ಹಾನ್ಸ್ ಹತ್ರ ರಾಜೀವ್ ಗಾಂಧಿ ಎದೆರೋಗ ಸಂಸ್ಥೆ ಇದೆ, ಹಳಬರು ಟಿಬಿ ಆಸ್ಪತ್ರೆ ಅಂತಾರಲ್ಲ ಅದೇ. ನಾನು ಕೆಳಗೆ ಹೇಳೋ ವ್ಯಾಯಾಮ ಯಾವುದೂ ಹಾಳಾದ ಶ್ವಾಸಕೋಶನ ರಿಪೇರಿ ಮಾಡಲ್ಲ, ಇನ್ಹೇಲರ್ ಬದ್ಲಿಗೂ ಅಲ್ಲ. ಇರೋ ಉಸಿರನ್ನ ಸರಿಯಾಗಿ ಖರ್ಚು ಮಾಡೋದು ಕಲಿಸುತ್ತೆ, ಗಾಬರಿ ಕಮ್ಮಿ ಮಾಡುತ್ತೆ. ಅಷ್ಟೇ, ಆದ್ರೆ ಆ ಅಷ್ಟು ಎಷ್ಟು ದೊಡ್ಡದು ಅಂತ ಅನುಭವಿಸಿದೋರಿಗೇ ಗೊತ್ತು.

ಮೊದಲ ಪಾಠ: ಬಿಸಿ ಕಾಫಿ ಆರಿಸೋ ಉಸಿರು

ಇದೊಂದು ಬಂದ್ರೆ ಅರ್ಧ ಕೆಲಸ ಆದಂಗೆ. ಆರಾಮಾಗಿದ್ದಾಗ ಕಲೀಬೇಕು, ಉಬ್ಬಸ ಬಂದಾಗ ಕಲಿಯೋಕೆ ಹೋದ್ರೆ ಬರಲ್ಲ, ಈಜು ಕಲಿಯೋಕೆ ಪ್ರವಾಹಕ್ಕೆ ಇಳಿದಂಗೆ ಆಗುತ್ತೆ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ, ಐದೈದು ನಿಮಿಷ ಸಾಕು.

ಬೆನ್ನಿಗೆ ಆಸರೆ ಇರೋ ಕುರ್ಚಿ ಮೇಲೆ ಕೂತ್ಕೊಳಿ, ಇಲ್ಲಾ ಜಗಲಿ ಮೇಲೆ ಗೋಡೆಗೆ ಒರಗಿ. ಭುಜ ಕೆಳಗೆ ಬಿಡಿ. ಬಿಡಿ ಅಂದ್ರೂ ಎಷ್ಟೋ ಜನ ಬಿಡಲ್ಲ, ಬಿಗಿ ಹಿಡ್ಕೊಂಡಿರೋದು ಅವರಿಗೇ ಗೊತ್ತಾಗಲ್ಲ, ಹಾಗಾಗಿ ಒಂದ್ಸಲ ಬೇಕಂತಲೇ ಭುಜ ಕಿವಿ ತನಕ ಏರ್ಸಿ ಆಮೇಲೆ ಧೊಪ್ ಅಂತ ಬಿಟ್ಬಿಡಿ. ಬಾಯಿ ಮುಚ್ಚಿ ಮೂಗಲ್ಲಿ ಎರಡೆಣಿಸೋ ಅಷ್ಟು ಹೊತ್ತು ಉಸಿರು ತಗೊಳಿ, ಎದೆ ತುಂಬ ಬೇಡ, ಮಾಮೂಲಿ ಉಸಿರು ಸಾಕು. ಆಮೇಲೆ ತುಟಿ ಮುಂದೆ ತಂದು ಸಣ್ಣದು ಮಾಡಿ, ಬಿಸಿ ಕಾಫಿ ಲೋಟದ ಮೇಲೆ ಉಫ್ ಅಂತ ಆರಿಸ್ತೀವಲ್ಲ ಹಾಗೆ, ನಾಲ್ಕೆಣಿಸೋ ಅಷ್ಟು ಹೊತ್ತು ನಿಧಾನವಾಗಿ ಬಿಡಿ. ತಗೊಂಡಿದ್ದಕ್ಕಿಂತ ಬಿಡೋದು ಎರಡರಷ್ಟು ಹೊತ್ತು, ಲೆಕ್ಕ ಇಷ್ಟೇ. ಇಂಗ್ಲಿಷಲ್ಲಿ ಇದಕ್ಕೆ ಪರ್ಸ್ಡ್ ಲಿಪ್ ಬ್ರೀದಿಂಗ್ ಅಂತಾರೆ, ಫಿಸಿಯೋಥೆರಪಿಯೋರ ಹತ್ರ ಹೋದಾಗ ಈ ಹೆಸರು ಹೇಳಿದ್ರೆ ತಕ್ಷಣ ಗೊತ್ತಾಗುತ್ತೆ.

ತುಟಿ ಯಾಕೆ ಸಣ್ಣ ಮಾಡ್ಬೇಕು ಅಂದ್ರೆ, ಬಾಯಿ ಹತ್ರ ಗಾಳಿಗೆ ಸ್ವಲ್ಪ ತಡೆ ಆದಾಗ ಒಳಗಿನ ಕೊಳವೆಗಳಲ್ಲಿ ಒತ್ತಡ ಉಳ್ಕೊಳುತ್ತೆ, ಅವು ಬೇಗ ಮುಚ್ಕೊಳಲ್ಲ, ಸಿಕ್ಕಾಕೊಂಡಿರೋ ಗಾಳಿ ಹೊರಗೆ ಬರಕ್ಕೆ ದಾರಿ ಇರುತ್ತೆ. ಜೊತೆಗೆ ಉಸಿರಿನ ವೇಗಾನೂ ಇಳಿಯುತ್ತೆ. ಆರಾಮಾಗಿ ಕೂತಿರೋ ದೊಡ್ಡೋರಿಗೆ ನಿಮಿಷಕ್ಕೆ 12ರಿಂದ 20 ಉಸಿರು ಮಾಮೂಲಿ, ಅಮ್ಮಂಗೆ ಉಬ್ಬಸ ಬಂದಾಗ ನಾನು ಎಣಿಸಿದ್ರೆ 32, 34 ಇರೋದು, ಐದಾರು ನಿಮಿಷ ಹೀಗೆ ಮಾಡಿದ್ರೆ 22ಕ್ಕೆ ಬರುತ್ತೆ.

ನಮ್ಮಮ್ಮ ಮಾಡ್ತಿದ್ದ ತಪ್ಪು ಹೇಳ್ತೀನಿ, ಹಳ್ಳಿ ಹೆಂಗಸ್ರು ತುಂಬ ಜನ ಇದೇ ಮಾಡ್ತಾರೆ. ತುಟಿ ಮುಂದೆ ತನ್ನಿ ಅಂದ ತಕ್ಷಣ ಊದುಗೊಳವೆ ನೆನಪಾಗಿ ಕೆನ್ನೆ ಉಬ್ಬಿಸಿ ಹೊಟ್ಟೆ ಬಿಗಿ ಹಿಡಿದು ಜೋರಾಗಿ ಊದೋಳು. ಹಾಗೆ ಊದಿದ್ರೆ ಒಳಗಿನ ಕೊಳವೆ ಇನ್ನೂ ಬೇಗ ಮುಚ್ಕೊಳುತ್ತೆ, ತಲೆ ಸುತ್ತುತ್ತೆ. ಒಲೆ ಊದೋದಲ್ಲ, ಕಾಫಿ ಆರಿಸೋದು. ಮುಂದೆ ದೀಪ ಇದ್ರೆ ಜ್ವಾಲೆ ಬಾಗ್ಬೇಕು, ಆರಬಾರ್ದು. ಇದನ್ನ ಬಾಯಲ್ಲಿ ಹೇಳಿದ್ರೆ ಸಾಕು, ನಿಜವಾದ ದೀಪ ಹಚ್ಚಿ ಅದರ ಮುಂದೆ ಕೂತು ಪ್ರಾಕ್ಟೀಸ್ ಮಾಡ್ಸೋದು ಬೇಡ, ಆ ಹೊಗೇನೂ ಬೇಡ, ಮನೇಲಿ ಆಕ್ಸಿಜನ್ ಇದ್ರಂತೂ ಬೆಂಕಿ ಹತ್ರಾನೂ ಬರಬಾರ್ದು.

ಒಂದು ಎರಡು ಮೂರು ಅಂತ ಎಣಿಸೋದು ಅಮ್ಮಂಗೆ ಹಿಡಿಸ್ಲಿಲ್ಲ, ಎಣಿಸ್ತಾ ಎಣಿಸ್ತಾ ಇನ್ನೂ ಗಾಬರಿ ಆಗೋಳು. ಕೊನೆಗೆ ಅವಳೇ ಒಂದು ದಾರಿ ಕಂಡ್ಕೊಂಡ್ಲು, ತಗೊಳುವಾಗ ಮನಸ್ಸಲ್ಲಿ "ಶಿವ", ಬಿಡುವಾಗ "ನಮಃ ಶಿವಾಯ". ಎರಡಕ್ಷರ ಒಳಗೆ, ಐದಕ್ಷರ ಹೊರಗೆ, ಲೆಕ್ಕ ತಾನಾಗೇ ಸರಿಹೋಯ್ತು. ನಿಮಗೆ ಯಾವ ಹೆಸರು ಇಷ್ಟಾನೋ ಅದು ಇಟ್ಕೊಳಿ, ಮೊಮ್ಮಕ್ಕಳ ಹೆಸರಾದ್ರೂ ಆಗುತ್ತೆ, ಬಿಡುವಾಗಿನ ಹೆಸರು ಉದ್ದ ಇರ್ಲಿ ಅಷ್ಟೇ.

ಹೊಟ್ಟೆ ಉಸಿರು, ಆದ್ರೆ ಎಲ್ರಿಗೂ ಅಲ್ಲ

ಎರಡನೇದು ಹೊಟ್ಟೆಯಿಂದ ಉಸಿರಾಡೋದು. ದಿಂಬು ಇಟ್ಟು ಸ್ವಲ್ಪ ಎತ್ತರಕ್ಕೆ ಒರಗಿ, ಮಂಡಿ ಮಡಿಸ್ಕೊಳಿ, ಒಂದು ಕೈ ಎದೆ ಮೇಲೆ ಇನ್ನೊಂದು ಹೊಕ್ಕಳ ಮೇಲ್ಗಡೆ. ಮೂಗಲ್ಲಿ ಉಸಿರು ತಗೊಂಡಾಗ ಕೆಳಗಿನ ಕೈ ಮೇಲೇಳ್ಬೇಕು, ಎದೆ ಮೇಲಿನ ಕೈ ಆದಷ್ಟು ಸುಮ್ನಿರ್ಬೇಕು. ಬಿಡೋದು ಅದೇ ಕಾಫಿ ಆರಿಸೋ ತುಟಿಯಲ್ಲಿ, ಹೊಟ್ಟೆ ಮೆತ್ತಗೆ ಒಳಗೆ ಹೋಗುತ್ತೆ. ಹೊಟ್ಟೆ ಬೇಕಂತ ಉಬ್ಬಿಸೋದಲ್ಲ, ತೊಟ್ಟಿಲಲ್ಲಿ ಮಲಗಿರೋ ಕೂಸಿನ ಹೊಟ್ಟೆ ನೋಡಿ, ಹಾಗೆ. ಊಟ ಆದ ತಕ್ಷಣ ಬೇಡ.

ಸಿಒಪಿಡಿ ತುಂಬ ಮುಂದುವರ್ದು ಎದೆ ಪೀಪಾಯಿ ಥರ ಉಬ್ಬಿರೋರಿಗೆ ಈ ಹೊಟ್ಟೆ ಉಸಿರು ಒಗ್ಗದೇ ಇರಬಹುದು, ಕೆಲವರಿಗೆ ಉಬ್ಬಸ ಜಾಸ್ತಿನೇ ಆಗುತ್ತೆ, ಯಾಕಂದ್ರೆ ಅವರ ವಪೆ ಆಗ್ಲೇ ಚಪ್ಪಟೆ ಆಗಿರುತ್ತೆ. ಎರಡು ಮೂರು ದಿನ ಮಾಡಿ ನೋಡಿ, ಹಿಂಸೆ ಅನ್ನಿಸಿದ್ರೆ ಬಿಟ್ಬಿಡಿ, ಬಲವಂತ ಬೇಡ. ನಮ್ಮಮ್ಮಂಗೆ ಇದು ಅಷ್ಟಕ್ಕಷ್ಟೇ, ತುಟಿ ಉಸಿರೇ ಅವಳ ಊರುಗೋಲು. ಅಸ್ತಮಾ ಇರೋರಿಗೆ, ಟೆನ್ಷನ್‌ನಿಂದ ಮೇಲುಸಿರು ಬರೋರಿಗೆ ಹೊಟ್ಟೆ ಉಸಿರು ಚೆನ್ನಾಗಿ ಹಿಡಿಸುತ್ತೆ. ಟೆನ್ಷನ್ ಅಂದಾಗ ನೆನಪಾಯ್ತು, ಗಾಬರಿಯಲ್ಲಿ ಬೇಗ ಬೇಗ ಉಸಿರಾಡಿ ಬೆರಳು ತುಟಿ ಜುಮ್ ಅನ್ನೋರಿಗೆ ಕವರ್ ಒಳಗೆ ಉಸಿರಾಡಿ ಅಂತ ಹಿಂದೆ ಹೇಳ್ತಿದ್ರು, ಅದು ಬೇಡ್ವೇ ಬೇಡ, ಅದು ಟೆನ್ಷನ್ನೇ ಅಂತ ನೀವು ಮನೇಲಿ ಹೇಗೆ ಹೇಳ್ತೀರ, ಹಾರ್ಟ್ ತೊಂದ್ರೆ ಇದ್ರೆ ಪ್ರಾಣಕ್ಕೇ ಅಪಾಯ.

ಹೇಗೆ ಕೂರೋದು

ಉಬ್ಬಸ ಬಂದಾಗ ಮಲಗಿಸ್ಬೇಡಿ. ಎಷ್ಟೋ ಮನೇಲಿ ಪ್ರೀತಿಯಿಂದ "ಸ್ವಲ್ಪ ಮಲ್ಕೋ" ಅಂತ ಮಲಗಿಸ್ತಾರೆ, ಅದೇ ಕಷ್ಟ. ಕುರ್ಚಿ ತುದಿಗೆ ಕೂತು ಮುಂದಕ್ಕೆ ಬಾಗಿ, ಮೊಣಕೈ ಎರಡನ್ನೂ ತೊಡೆ ಮೇಲೆ ಊರಿ, ಕೈ ಕತ್ತು ಸಡಿಲ ಬಿಡ್ಬೇಕು. ಟೇಬಲ್ ಇದ್ರೆ ಅದರ ಮೇಲೆ ಎರಡು ದಿಂಬು ಇಟ್ಟು ತಲೆ ತೋಳು ಅದಕ್ಕೆ ಒರಗಿಸಿ. ಕೈಗೆ ಆಸರೆ ಸಿಕ್ಕಿದ್ರೆ ಕತ್ತು ಭುಜದ ಮಾಂಸಖಂಡಗಳು ಕೈ ಭಾರ ಹೊರೋದು ಬಿಟ್ಟು ಉಸಿರಿಗೆ ಸಹಾಯ ಮಾಡ್ತವೆ, ಮುಂದೆ ಬಾಗಿದಾಗ ಹೊಟ್ಟೆ ಒತ್ತಿ ವಪೆ ಸ್ವಲ್ಪ ಮೇಲೆ ಗುಮ್ಮಟದ ಆಕಾರಕ್ಕೆ ಬರುತ್ತೆ, ಎರಡು ಲಾಭ. ಸಂತೆಯಲ್ಲೋ ಬಸ್ ಸ್ಟ್ಯಾಂಡಲ್ಲೋ ಬಂದ್ರೆ ಗೋಡೆಗೆ ಬೆನ್ನು ಕೊಟ್ಟು ಕಾಲು ಒಂದಡಿ ಮುಂದಿಟ್ಟು ಸ್ವಲ್ಪ ಬಾಗಿ ಕೈ ತೊಡೆ ಮೇಲೆ ಇಟ್ಕೊಳಿ, ಕಂಬ ತಬ್ಬಿ ತಲೆ ಆನಿಸ್ಕೊಂಡ್ರೂ ಆಗುತ್ತೆ. ಸಂಕೋಚ ಬೇಡ. ಅಮ್ಮ ಮೊದಮೊದಲು ಜನ ನೋಡ್ತಾರೆ ಅಂತ ನೆಟ್ಟಗೆ ನಿಲ್ಲಕ್ಕೆ ಹೋಗಿ ಇನ್ನೂ ಒದ್ದಾಡೋಳು. ರಾತ್ರಿಯಾದ್ರೆ ಮೂರು ನಾಲ್ಕು ದಿಂಬು ಇಟ್ಟು ಒಂದು ಮಗ್ಗುಲಿಗೆ ಎತ್ತರವಾಗಿ ಒರಗೋದು, ತಲೆ ಮಾತ್ರ ಅಲ್ಲ, ಸೊಂಟದಿಂದಲೇ ಏರಿಕೆ ಇರೋ ಹಾಗೆ ಜೋಡಿಸಿ.

ಇನ್ನು ಬೀಸಣಿಗೆ. ಇದು ತುಂಬ ಸಣ್ಣ ವಿಷಯ ಅನ್ಸುತ್ತೆ, ಆದ್ರೆ ಉಬ್ಬಸಕ್ಕೆ ಕೈ ಫ್ಯಾನ್ ಹಿಡಿದು ಪರೀಕ್ಷೆ ಮಾಡಿ ಪ್ರಯೋಜನ ಇದೆ ಅಂತ ಡಾಕ್ಟ್ರುಗಳೇ ಕಂಡ್ಕೊಂಡಿದಾರೆ. ಮುಖಕ್ಕೆ ಒಂದು ಗೇಣು ದೂರದಿಂದ, ಮೂಗು ತುಟಿ ಕೆನ್ನೆ ಮೇಲೆ ಗಾಳಿ ಬೀಳೋ ಹಾಗೆ. ಮುಖದ ಆ ಭಾಗದ ನರಗಳಿಗೆ ತಂಪು ಗಾಳಿ ತಾಗಿದ್ರೆ ಉಸಿರು ಕಟ್ಟೋ ಅನುಭವ ಮೆದುಳಲ್ಲಿ ಕಮ್ಮಿ ಆಗುತ್ತೆ. ಆಕ್ಸಿಜನ್ ಏರಲ್ಲ, ಕಷ್ಟ ಇಳಿಯುತ್ತೆ. ಬ್ಯಾಟರಿ ಫ್ಯಾನ್ ಸಿಗುತ್ತೆ, ನಮ್ಮನೇಲಿ ಹಳೇ ತಾಳೆಗರಿ ಬೀಸಣಿಗೆನೇ, ಅಮ್ಮನ ಮಂಚದ ತಲೆದಸೆಯಲ್ಲಿ ಸಿಗಿಸಿಟ್ಟಿರ್ತೀವಿ, ಕರೆಂಟ್ ಹೋದ್ರೂ ಚಿಂತೆ ಇಲ್ಲ.

ಈಗ ನಿಜವಾಗ್ಲೂ ಉಬ್ಬಸ ಬಂತು ಅಂದ್ಕೊಳಿ. ಮಾಡ್ತಿರೋ ಕೆಲಸ ಅಲ್ಲೇ ನಿಲ್ಸಿ, ಇದೊಂದು ಪಾತ್ರೆ ತೊಳ್ದುಬಿಡ್ತೀನಿ ಅನ್ನೋದು ಬೇಡ. ಕೂತು ಮುಂದೆ ಬಾಗಿ. ಡಾಕ್ಟ್ರು ಕೊಟ್ಟಿರೋ ರಿಲೀವರ್ ಇನ್ಹೇಲರ್, ಅಂದ್ರೆ ಉಬ್ಬಸ ಬೇಗ ಇಳಿಸೋದು, ಇದ್ರೆ ಅವರು ಹೇಳಿರೋಷ್ಟು ತಗೊಳಿ, ಸ್ಪೇಸರ್ ಅಂತ ಇನ್ಹೇಲರ್‌ಗೆ ಸಿಗಿಸೋ ಕೊಳವೆ ಡಬ್ಬಿ ಹಾಕಿ ತಗೊಂಡ್ರೆ ಮದ್ದು ಗಂಟಲಲ್ಲಿ ಉಳಿಯದೆ ಒಳಗೆ ಹೋಗುತ್ತೆ. ಆಮೇಲೆ ಉಸಿರಾಟ, ಮೊದಲು ಒಂದು ಉಸಿರು ಹೊರಗೆ. ಅದು ಗಿಡ್ಡ ಇರ್ಲಿ ಪರವಾಗಿಲ್ಲ, ಆ ಹೊತ್ತಲ್ಲಿ ಎರಡು ನಾಲ್ಕು ಲೆಕ್ಕ ಬರಲ್ಲ, ಬಾಯಲ್ಲಿ ತಗೊಂಡ್ರೂ ಪರವಾಗಿಲ್ಲ, ಬರೀ ಬಿಡೋದನ್ನ ಪ್ರತಿ ಸಲ ಸ್ವಲ್ಪ ಸ್ವಲ್ಪ ಉದ್ದ ಮಾಡ್ತಾ ಹೋಗಿ. ಬೀಸಣಿಗೆ ಜೊತೆಗಿರ್ಲಿ. ಸುಮಾರಾಗಿ ಐದ್ಹತ್ತು ನಿಮಿಷದಲ್ಲಿ ಭುಜ ಇಳಿಯೋದು ಕಾಣುತ್ತೆ. ಆಗ ಮೂಗಲ್ಲಿ ತಗೊಳೋದು, ಆಮೇಲೆ ಲೆಕ್ಕ.

ಕೆಲಸ ಮಾಡ್ತಾ ಉಸಿರಾಡೋದು

ದಿನಾ ಜೀವನ ಬದ್ಲಾಗೋದು ನಿಜವಾಗಿ ಇಲ್ಲೇ. ನಿಯಮ ಒಂದೇ, ಕಷ್ಟದ ಕೆಲಸ ಉಸಿರು ಬಿಡುವಾಗ ಮಾಡ್ಬೇಕು. ಭಾರ ಎತ್ತುವಾಗ ನಾವೆಲ್ಲ ಉಸಿರು ಬಿಗಿ ಹಿಡೀತೀವಿ, ಗಮನಿಸಿ ನೋಡಿ, ಕೊಡ ಎತ್ತುವಾಗ, ಬಗ್ಗಿ ಚಪ್ಪಲಿ ಹಾಕೊಳುವಾಗ, ನೆಲದಿಂದ ಏಳುವಾಗ. ಉಸಿರಿನ ತೊಂದ್ರೆ ಇರೋರಿಗೆ ಆ ಬಿಗಿ ಹಿಡಿಯೋದೇ ಉಬ್ಬಸ ತರಿಸೋದು. ಏಳೋ ಮುಂಚೆ ಮೂಗಲ್ಲಿ ತಗೊಳಿ, ತುಟಿಯಲ್ಲಿ ಬಿಡ್ತಾ ಏಳಿ.

ಮೆಟ್ಲು ಹತ್ತೋದು ಹೀಗೆ: ನಿಂತಲ್ಲೇ ಉಸಿರು ತಗೊಳಿ, ಬಿಡ್ತಾ ಒಂದು ಅಥವಾ ಎರಡು ಮೆಟ್ಲು ಹತ್ತಿ, ನಿಲ್ಲಿ, ಮತ್ತೆ ತಗೊಳಿ. ಹಿಂದೆ ಬರೋರು ಕಾಯ್ಲಿ. ಒಂದೇ ಉಸಿರಿಗೆ ಮೇಲೆ ಹೋಗಿ ಅಲ್ಲಿ ಹತ್ತು ನಿಮಿಷ ಏದುಸಿರು ಬಿಡೋದಕ್ಕಿಂತ ನಿಧಾನವಾಗಿ ಹತ್ತಿ ಮಾತಾಡ್ಕೊಂಡು ಮನೆ ಸೇರೋದು ಬೇಗ ಆಗುತ್ತೆ. ಸಮ ನೆಲದಲ್ಲಿ ನಡೆಯೋವಾಗ ಎರಡು ಹೆಜ್ಜೆ ತಗೊಳೋದು ನಾಲ್ಕು ಹೆಜ್ಜೆ ಬಿಡೋದು, ಕಷ್ಟ ಆದ್ರೆ ಒಂದು ಎರಡು.

ಕೈ ಮೇಲೆತ್ತೋ ಕೆಲಸ ಜಾಸ್ತಿ ಸುಸ್ತು ಮಾಡುತ್ತೆ, ತಲೆ ಬಾಚೋದು, ತಂತಿ ಮೇಲೆ ಬಟ್ಟೆ ಹರವೋದು, ಅಟ್ಟದ ಮೇಲಿಂದ ಡಬ್ಬ ತೆಗೆಯೋದು. ಅಮ್ಮಂಗೆ ಅಂತ ಬಟ್ಟೆ ತಂತಿ ಎದೆ ಮಟ್ಟಕ್ಕೆ ಇಳಿಸಿದ್ವಿ, ದಿನಾ ಬೇಕಾಗೋ ಡಬ್ಬ ಎಲ್ಲ ಕಟ್ಟೆ ಮೇಲೇ. ಸ್ನಾನ ಸ್ಟೂಲ್ ಮೇಲೆ ಕೂತು, ಬಾಗಿಲು ಪೂರ್ತಿ ಹಾಕದೆ, ಹಬೆ ತುಂಬದ ಹಾಗೆ. ಸ್ನಾನ ಆದ್ಮೇಲೆ ಮೈ ಒರೆಸ್ಕೊಳೋದೂ ಒಂದು ದೊಡ್ಡ ಕೆಲಸವೇ, ದೊಡ್ಡ ಟವೆಲ್ ಹೊದ್ದು ಸ್ವಲ್ಪ ಹೊತ್ತು ಸುಮ್ನೆ ಕೂತ್ರೆ ಅದೇ ನೀರು ಹೀರುತ್ತೆ. ಹೊಟ್ಟೆ ತುಂಬ ಒಂದೇ ಸಲ ಮುದ್ದೆ ಊಟ ಮಾಡಿದ್ರೆ ವಪೆಗೆ ಇಳಿಯಕ್ಕೆ ಜಾಗ ಇರಲ್ಲ, ಅರ್ಧ ಮುದ್ದೆ ಎರಡು ಸಲ ಮಾಡಿ.

ಇಷ್ಟೆಲ್ಲ ಹೇಳಿ, ಕೂತೇ ಇರಿ ಅಂತ ಅಲ್ಲ. ಉಬ್ಬಸಕ್ಕೆ ಹೆದರಿ ಕೂತ್ರೆ ಕಾಲಿನ ಮಾಂಸಖಂಡ ಕರಗುತ್ತೆ, ಶಕ್ತಿ ಇಲ್ಲದ ಕಾಲಿಗೆ ಸಣ್ಣ ನಡಿಗೆಗೂ ಜಾಸ್ತಿ ಉಸಿರು ಬೇಕಾಗುತ್ತೆ, ಇನ್ನೂ ಹೆದರಿ ಇನ್ನೂ ಕೂರ್ತಾರೆ. ಡಾಕ್ಟ್ರು ಒಪ್ಪಿದ್ಮೇಲೆ ದಿನಾ ನಡಿಯಲೇಬೇಕು. ಸೊನ್ನೆ ಅಂದ್ರೆ ಏನೂ ಕಷ್ಟ ಇಲ್ಲ, ಹತ್ತು ಅಂದ್ರೆ ಇನ್ನು ಆಗೋದೇ ಇಲ್ಲ ಅಂತ ಇಟ್ಕೊಂಡ್ರೆ, ಮೂರು ನಾಲ್ಕರ ತನಕ ಏದುಸಿರು ಬರೋ ಹಾಗೆ ನಡೀಬಹುದು, ಮಾತಾಡಕ್ಕಾಗ್ಬೇಕು, ಹಾಡಕ್ಕಾಗಬಾರ್ದು. ಅಮ್ಮ ಮನೆಯಿಂದ ಅರಳಿಕಟ್ಟೆ ತನಕ ಶುರು ಮಾಡಿದ್ಲು, ಮೊದಲ ವಾರ ಮಧ್ಯೆ ಮೂರು ಕಡೆ ನಿಲ್ತಿದ್ಲು, ಎರಡು ತಿಂಗಳಿಗೆ ನಿಲ್ಲದೆ ಹೋಗಿ ಬಂದ್ಲು. ಆಸ್ಪತ್ರೆಗಳಲ್ಲಿ ಪಲ್ಮನರಿ ರಿಹ್ಯಾಬಿಲಿಟೇಷನ್ ಅಂತ ಇದನ್ನೇ ಶಿಸ್ತಾಗಿ ಸಾಮಾನ್ಯವಾಗಿ ಆರರಿಂದ ಎಂಟು ವಾರ ಮಾಡಿಸ್ತಾರೆ, ಉಸಿರಿನ ವ್ಯಾಯಾಮ, ನಡಿಗೆ, ಕೈಕಾಲಿಗೆ ಶಕ್ತಿ ಬರೋ ವ್ಯಾಯಾಮ ಎಲ್ಲ ಸೇರ್ಸಿ. ಸಿಒಪಿಡಿಯೋರಿಗೆ ಉಬ್ಬಸ ಕಮ್ಮಿ ಮಾಡಕ್ಕೆ ಇದರಷ್ಟು ಒಳ್ಳೇದು ಕಮ್ಮಿನೇ, ಆದ್ರೆ ನಮ್ಮಲ್ಲಿ ಯಾರೂ ಕೇಳಲ್ಲ ಅಂತ ಬರ್ಕೊಡಲ್ಲ. ನೀವೇ ಬಾಯ್ಬಿಟ್ಟು ಕೇಳಿ, ಜಿಲ್ಲಾಸ್ಪತ್ರೆಯಲ್ಲಿ ಫಿಸಿಯೋಥೆರಪಿ ಎಲ್ಲಿದೆ ಅಂತಾದ್ರೂ ಕೇಳಿ.

ಕಫ ಕಟ್ಟಿದ್ರೆ ಕೆಮ್ಮಿ ಕೆಮ್ಮಿ ಸುಸ್ತಾಗೋ ಬದ್ಲು ಹೀಗೆ ಮಾಡಿ ನೋಡಿ. ಅರ್ಧ ನಿಮಿಷ ಮಾಮೂಲಿ ಮೆತ್ತಗಿನ ಉಸಿರು. ಆಮೇಲೆ ಮೂರು ನಾಲ್ಕು ಸಲ ನಿಧಾನವಾಗಿ ಆಳಕ್ಕೆ ತಗೊಂಡು, ಕಷ್ಟ ಆಗದಿದ್ರೆ ಎರಡು ಮೂರು ಸೆಕೆಂಡ್ ಒಳಗಿಟ್ಟು ಬಿಡೋದು. ಮತ್ತೆ ಅರ್ಧ ನಿಮಿಷ ಮೆತ್ತಗೆ. ಆಮೇಲೆ ಕನ್ನಡಕದ ಗಾಜು ಒರೆಸೋಕೆ ಮುಂಚೆ ಬಾಯಿ ತೆಗೆದು "ಹಾ" ಅಂತ ಹಬೆ ಬಿಡ್ತೀವಲ್ಲ, ಅದನ್ನೇ ಸ್ವಲ್ಪ ರಭಸವಾಗಿ, ಒಂದೆರಡು ಸಲ. ಗಂಟಲು ಬಿಗಿಯಬಾರ್ದು, ಬಾಯಿ ಅಗಲ ಇರ್ಬೇಕು. ಕಫ ಮೇಲೆ ಬಂದಾಗ ಒಂದು ಕೆಮ್ಮು ಸಾಕು, ಉಗುಳಿ, ನುಂಗ್ಬೇಡಿ. ಬಣ್ಣ ನೋಡಿ, ಬಿಳಿ ಇದ್ದಿದ್ದು ಹಳದಿ ಹಸಿರು ಆಗಿ ಜಾಸ್ತಿ ಆದ್ರೆ ಡಾಕ್ಟ್ರಿಗೆ ಹೇಳಿ, ರಕ್ತ ಕಂಡ್ರೆ ಅವತ್ತೇ ಹೋಗಿ.

ಪ್ರಾಣಾಯಾಮ ಮಾಡ್ಬಹುದಾ ಅಂತ ನನ್ನ ತುಂಬ ಜನ ಕೇಳ್ತಾರೆ. ಪ್ರಾಣಾಯಾಮದ ಮೇಲೆ ನನಗೆ ಗೌರವ ಇದೆ, ಆದ್ರೆ ಟೀವಿ ನೋಡಿ ಕಪಾಲಭಾತಿ, ಭಸ್ತ್ರಿಕಾ ಶುರು ಮಾಡೋದು ಉಬ್ಬಸ ಇರೋರಿಗೆ ಸರಿಯಲ್ಲ, ಅದು ರಭಸದ ಉಸಿರು, ಒಳಗೆ ಗಾಳಿ ಸಿಕ್ಕಾಕೊಳೋರಿಗೆ ಅದೇ ಹೊರೆ. ಉಸಿರು ಕಟ್ಟಿ ಹಿಡಿಯೋ ಕುಂಭಕಾನೂ ಬೇಡ. ಭ್ರಾಮರಿ, ಓಂಕಾರ ಇವುಗಳಲ್ಲಿ ಬಿಡೋ ಉಸಿರು ಉದ್ದ, ಸೌಮ್ಯ, ಡಾಕ್ಟ್ರನ್ನ ಕೇಳಿ ಆರಾಮಿದ್ದಾಗ ಮಾಡ್ಬಹುದು. ಕೊರೊನಾ ಟೈಮಲ್ಲಿ ಎಲ್ರ ಮನೆಗೂ ಬಂತಲ್ಲ ಮೂರು ಬಾಲಿನ ಸಾಮಾನು, ಅದು ಎಳೆಯೋ ವ್ಯಾಯಾಮ, ಆಪರೇಷನ್ ಆದೋರಿಗೆಲ್ಲ ಕೊಡ್ತಾರೆ, ಡಾಕ್ಟ್ರು ಹೇಳದೆ ಸಿಒಪಿಡಿಯೋರು ಬಾಲ್ ಏರಿಸೋ ಪಂದ್ಯಕ್ಕೆ ಇಳಿಯೋದು ಬೇಡ. ಬಲೂನ್ ಊದ್ಸೋದೂ ಬೇಡ.

ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ತೋರಿಸೋಕೆ ಬೆರಳಿಗೆ ಹಾಕೋ ಆಕ್ಸಿಮೀಟರ್ ಬಗ್ಗೆ ಸ್ವಲ್ಪ. ಆರೋಗ್ಯವಾಗಿರೋರಿಗೆ ಸಾಮಾನ್ಯವಾಗಿ 95ರ ಮೇಲಿರುತ್ತೆ, ಸಿಒಪಿಡಿ ಇರೋರಲ್ಲಿ ಕೆಲವರಿಗೆ ಆರಾಮಿದ್ದಾಗಲೇ ಕಮ್ಮಿ ಇರುತ್ತೆ, ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಡುವಾಗ್ಲೂ ಇವರಿಗೆ 88ರಿಂದ 92 ಇಟ್ಟುಕೊಳ್ಳಕ್ಕೆ ನೋಡ್ತಾರೆ. ಅದಕ್ಕೇ ಮನೇಲಿ ಆಕ್ಸಿಜನ್ ಮೆಷಿನ್ ಇದ್ರೆ ಉಬ್ಬಸ ಅಂತ ನೀವೇ ಜಾಸ್ತಿ ತಿರುಗಿಸ್ಬೇಡಿ, ಕೆಲವರಿಗೆ ಆಕ್ಸಿಜನ್ ಹೆಚ್ಚಾದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಬರುತ್ತೆ. ನಿಮ್ಮೋರ ನಂಬರ್ ಎಷ್ಟಿರ್ಬೇಕು ಅಂತ ಡಾಕ್ಟ್ರ ಹತ್ರ ಬರೆಸ್ಕೊಳಿ. ನೈಲ್ ಪಾಲಿಷ್ ಇದ್ರೆ, ಕೈ ತಣ್ಣಗಿದ್ರೆ ತಪ್ಪು ತೋರಿಸುತ್ತೆ. ನಂಬರ್ ಚೆನ್ನಾಗಿದ್ರೂ ಉಬ್ಬಸ ಇರಬಹುದು, "96 ಇದೆ, ನಿಂಗೇನಾಗಿಲ್ಲ" ಅಂತ ಮಾತ್ರ ಹೇಳ್ಬೇಡಿ, ಅವರಿಗೆ ಆಗ್ತಿರೋದು ಸುಳ್ಳಲ್ಲ.

ವ್ಯಾಯಾಮ ಮಾಡ್ತಾ ಕೂರಬಾರದ ಹೊತ್ತು ಯಾವ್ದು ಅಂದ್ರೆ, ಒಂದು ವಾಕ್ಯ ಪೂರ್ತಿ ಹೇಳಕ್ಕಾಗ್ತಿಲ್ಲ, ತುಟಿ ಉಗುರು ನೀಲಿ ಆಗ್ತಿದೆ, ಎದೆ ನೋವು ಇದೆ, ಮಾತು ತೊದಲ್ತಾ ಮಂಪರಾಗ್ತಿದಾರೆ, ಏನೂ ಇಲ್ಲದೋರಿಗೆ ಇದ್ದಕ್ಕಿದ್ದಂಗೆ ಬಂತು, ಒಂದೇ ಕಾಲು ಊದಿ ನೋವಿದ್ದು ಆಮೇಲೆ ಉಸಿರು ಕಟ್ತು, ಇಲ್ಲಾ ಇನ್ಹೇಲರ್ ತಗೊಂಡು ಹತ್ತು ಹದಿನೈದು ನಿಮಿಷ ಆದ್ರೂ ಇಳೀಲಿಲ್ಲ. ಇದ್ರಲ್ಲಿ ಒಂದಿದ್ರೂ 108ಕ್ಕೆ ಫೋನ್ ಮಾಡಿ, ಕೂರಿಸಿಕೊಂಡೇ ಕರ್ಕೊಂಡು ಹೋಗಿ, ಮಾತ್ರೆ ಚೀಟಿ, ಇನ್ಹೇಲರ್ ಜೊತೆಗಿರ್ಲಿ. ನಾವು ಅಮ್ಮನ ಔಷಧಿ ಹೆಸರು, ಆಕ್ಸಿಜನ್ ನಂಬರ್, ಡಾಕ್ಟ್ರ ಫೋನ್ ಎಲ್ಲ ಒಂದು ಹಾಳೇಲಿ ಬರ್ದು ಬಾಗಿಲ ಹಿಂದೆ ಅಂಟಿಸಿದೀವಿ, ಆ ಹೊತ್ತಲ್ಲಿ ಯಾರಿಗೂ ಏನೂ ನೆನಪಾಗಲ್ಲ.

ಹೊಗೆ ನಿಲ್ಲದೆ ಈ ವ್ಯಾಯಾಮ ಎಷ್ಟು ಮಾಡಿದ್ರೂ ಸೋರೋ ಕೊಡಕ್ಕೆ ನೀರು ತುಂಬಿದಂಗೆ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಪ್ರಪಂಚದಲ್ಲಿ ಸತ್ತೋರು ಸುಮಾರು 32 ಲಕ್ಷ. 2016ರಲ್ಲಿ ಉಜ್ವಲ ಶುರುವಾದ್ಮೇಲೆ ಹಳ್ಳಿ ಹಳ್ಳಿಗೂ ಸಿಲಿಂಡರ್ ಬಂತು, ಅಡುಗೆ ಗ್ಯಾಸಲ್ಲಿ ಆಗುತ್ತೆ, ಸರಿ, ಆದ್ರೆ ಸ್ನಾನದ ಹಂಡೆ ಒಲೆ ಹಾಗೇ ಇದೆ. ನಮ್ಮನೇಲೂ ಇತ್ತು, ಡಾಕ್ಟ್ರು ಸೌದೆ ಒಲೆ ಇದೆಯಾ ಅಂದ್ರೆ ಇಲ್ಲ ಅಂತಾನೇ ಹೇಳ್ತಿದ್ವಿ, ಹಂಡೆ ಒಲೆ ಒಲೆ ಅಂತ ನಮಗೆ ಅನ್ನಿಸ್ಲೇ ಇಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಅಮ್ಮನೇ ಉರಿ ಹಾಕೋಳು, ಎಂಟಕ್ಕೆ ಉಬ್ಬಸ. ಈಗ ಸೋಲಾರ್ ಹಾಕ್ಸಿದೀವಿ, ಮೋಡ ಇದ್ದಾಗ ಉರಿ ಹಾಕೋದು ನಾನು, ಅವಳು ಆ ಕಡೆ ಬರಂಗಿಲ್ಲ. ಊದುಬತ್ತಿ, ಸೊಳ್ಳೆ ಬತ್ತಿ, ಕಸಕ್ಕೆ ಬೆಂಕಿ, ಒಗ್ಗರಣೆ ಘಾಟು ಇವೂ ಅಷ್ಟೇ.

ಕೊನೇದಾಗಿ ಪಕ್ಕದಲ್ಲಿರೋರಿಗೆ. ಉಬ್ಬಸ ಬಂದೋರ ಸುತ್ತ ಗುಂಪು ಕಟ್ಬೇಡಿ, ಕಿಟಕಿ ತೆಗೀರಿ. "ಏನಾಯ್ತು, ಯಾವಾಗ ಶುರುವಾಯ್ತು, ಏನ್ ತಿಂದೆ" ಅಂತ ಕೇಳ್ಬೇಡಿ, ಪ್ರತಿ ಉತ್ತರಕ್ಕೂ ಒಂದು ಉಸಿರು ಹೋಗುತ್ತೆ. ತಲೆ ಆಡಿಸಿ ಹೌದು ಇಲ್ಲ ಅನ್ನೋ ಹಾಗೆ ಕೇಳಿ, "ಇನ್ಹೇಲರ್ ಕೊಡ್ಲಾ?" ಅಷ್ಟೇ. ಎದುರಿಗೆ ಅವರ ಮಟ್ಟಕ್ಕೇ ಕೂತು, ಅವರಿಗೆ ಕೇಳೋ ಹಾಗೆ ನೀವೇ ತುಟಿಯಲ್ಲಿ ಉಸಿರು ಬಿಡಿ. ಮೊದಲು ಅವರ ವೇಗಕ್ಕೇ ಬಿಡಿ, ಆಮೇಲೆ ನಿಮ್ದು ನಿಧಾನ ಮಾಡ್ತಾ ಬನ್ನಿ, ಅವರದ್ದೂ ಹಿಂದೆ ಬರುತ್ತೆ. ಅಮ್ಮಂಗೆ ನಾನು ಈಗ ಏನೂ ಹೇಳಲ್ಲ, ಎದುರು ಕೂತು ಕೈ ಹಿಡ್ಕೊಂಡು ಉಫ್ ಅಂತ ಶುರು ಮಾಡ್ತೀನಿ, ಅವಳು ನನ್ನ ತುಟಿನೇ ನೋಡ್ತಿರ್ತಾಳೆ. ಉಸಿರು ಸರಿಹೋದ್ಮೇಲೂ ತಕ್ಷಣ ಎದ್ದು ಲೈಟ್ ಆರಿಸಿ ಹೋಗ್ಬೇಡಿ, ಹತ್ತು ನಿಮಿಷ ಅಲ್ಲೇ ಕೂತಿರಿ, ಮತ್ತೆ ಬಂದುಬಿಟ್ರೆ ಅನ್ನೋ ಭಯ ಉಬ್ಬಸ ಹೋದ್ಮೇಲೂ ಸ್ವಲ್ಪ ಹೊತ್ತು ಇರುತ್ತೆ.